ಮಗು ಯಾರ ಪ್ರಶ್ನೆಗೆ ಉತ್ತರಿಸಿತು?

ಶಿಕ್ಷಕರಾಗಲು ಹೊರಟವರ ನೋಟ್‌ಬುಕ್ಕಿನಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ಹುಟ್ಟಿನಿಂದ 2 ವರ್ಷದವರೆಗೆ ಸಂವೇದನಾ-ಗತಿ ಹಂತ, 2ರಿಂದ 7 ಕಾರ್ಯಪೂರ್ವ ಹಂತ, 7ರಿಂದ 11 ಮೂರ್ತ ಕಾರ್ಯಗಳ ಹಂತ, ಅಲ್ಲಿಂದಾಚೆಗೆ ಔಪಚಾರಿಕ ಕಾರ್ಯಗಳ ಹಂತ. ಶಿಕ್ಷಕರ ಅರ್ಹತಾ ಪರೀಕ್ಷೆಯ 150 ಅಂಕಗಳಲ್ಲಿ ಶಿಶು ವಿಕಾಸ ಮತ್ತು ಬೋಧನಶಾಸ್ತ್ರಕ್ಕೆ 30 ಅಂಕ; ಈ ಹಂತಗಳನ್ನು ಗುರುತಿಸಿದ ಜೀನ್ ಪಿಯಾಜೆ ಅಲ್ಲಿನ ಕಾಯಂ ಗಿರಾಕಿ. ಬಾಯಿಪಾಠದಿಂದ ಮಗು ಏನನ್ನೂ ಅರಿಯುವುದಿಲ್ಲ ಎಂದು ಜೀವಮಾನವಿಡೀ ಹೇಳಿದವರನ್ನೇ ನಾವು ಉರು ಹೊಡೆದು ಅಂಕ ಗಿಟ್ಟಿಸುತ್ತಿದ್ದೇವೆ.

ಪಿಯಾಜೆ ಕಟ್ಟಿದ ಜಿನೀವಾ ಪಂಥದ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಈ ನಾಲ್ಕು ಮೆಟ್ಟಿಲಿನ ಏಣಿ ಆ ಪಂಥದ ಅತ್ಯಂತ ದುರ್ಬಲ ಭಾಗ. ಊರೂರು ತಿರುಗಿದ್ದು ಮಾತ್ರ ಅದೇ. ಮಗುವಿನ ತಪ್ಪು ಉತ್ತರದ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವ ತಾಳ್ಮೆ ಅದರ ನಿಜವಾದ ಆಸ್ತಿ. ಅದು ಜಿನೀವಾ ಬಿಟ್ಟು ಹೆಚ್ಚು ದೂರ ಬರಲಿಲ್ಲ.

ಪಿಯಾಜೆ ಹುಟ್ಟಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ. ಅವರ ಮೊದಲ ಪ್ರೀತಿ ಬಸವನಹುಳು. 1918ರ ಡಾಕ್ಟರೇಟ್ ಕೂಡ ಮೃದ್ವಂಗಿಗಳ ಮೇಲೆಯೇ. ಅಲೆ ಬಡಿಯುವ ದಡದಲ್ಲಿ ಬೆಳೆದ ಬಸವನಹುಳುವಿನ ಚಿಪ್ಪು ನಿಂತ ನೀರಿನದ್ದಕ್ಕಿಂತ ಗಿಡ್ಡವಾಗಿರುತ್ತದೆ ಎಂಬುದನ್ನು ಅವರು ಕೂತು ನೋಡಿದ್ದರು. ಪರಿಸರಕ್ಕೆ ಒಗ್ಗುತ್ತಲೇ ಜೀವಿ ತನ್ನ ರೂಪವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬ ಆ ನೋಟವೇ ಮುಂದೆ ಮಕ್ಕಳ ಬುದ್ಧಿಯ ಕಡೆಗೂ ತಿರುಗಿತು. ಸಾತ್ಮೀಕರಣ, ಹೊಂದಾಣಿಕೆ, ಸಮತೋಲನ ಎಂದು ಪಠ್ಯಪುಸ್ತಕಗಳಲ್ಲಿ ಒಣಗಿ ಬಿದ್ದಿರುವ ಪದಗಳಿಗೆ ಒಂದು ಕಾಲದಲ್ಲಿ ಸರೋವರದ ಪಸೆ ಇತ್ತು.

1920ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಅವರಿಗೆ ಒಂದು ಬೇಸರದ ಕೆಲಸ ಸಿಕ್ಕಿತು. ಇಂಗ್ಲೆಂಡಿನ ಸಿರಿಲ್ ಬರ್ಟ್ ರೂಪಿಸಿದ್ದ ತರ್ಕದ ಪರೀಕ್ಷೆಗಳನ್ನು ಪ್ಯಾರಿಸ್ಸಿನ ಮಕ್ಕಳಿಗೆ ಹೊಂದಿಸಬೇಕಿತ್ತು. ಬುದ್ಧಿಮಾಪನದ ಆಲ್ಫ್ರೆಡ್ ಬಿನೆಯವರ ಜೊತೆಗಾರ ತಿಯೋಡೋರ್ ಸಿಮೊನ್ ಅದನ್ನು ಒಪ್ಪಿಸಿದ್ದರು. ಎಷ್ಟು ಉತ್ತರ ಸರಿ ಎಂದು ಎಣಿಸಿದ್ದರೆ ಸಾಕಿತ್ತು. ಪಿಯಾಜೆ ತಪ್ಪುಗಳ ಬೆನ್ನು ಹತ್ತಿದರು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುವುದು ಅವರ ಕಣ್ಣಿಗೆ ಬಿತ್ತು. ತಪ್ಪಿಗೂ ಒಂದು ಒಳಲೆಕ್ಕ ಇದೆಯೆಂದಾದರೆ ಮಗುವನ್ನು ಅರೆಬೆಂದ ದೊಡ್ಡವರು ಎನ್ನಲಾಗದು. 1921ರಲ್ಲಿ ಎದುಆರ್ ಕ್ಲಾಪಾರೆದ್ ಕರೆದಾಗ ಜಿನೀವಾದ ರೂಸೋ ಸಂಸ್ಥೆಗೆ ಹೋದ ಪಿಯಾಜೆ ಮುಂದೆ ಅದೇ ಊರಿನಲ್ಲಿ ಮಕ್ಕಳನ್ನು ಮಾತಾಡಿಸುತ್ತ ನೆಲೆನಿಂತರು.

ಮಾತಾಡಿಸಿದ ಬಗೆಯೂ ಸೊಗಸು. ನಾನು ನಡೆದರೆ ಚಂದ್ರ ನನ್ನ ಜೊತೆಗೇ ಬರುತ್ತಾನೆ ಎನ್ನದ ಮಗು ಯಾವ ಊರಿನಲ್ಲೂ ಇಲ್ಲ. ಪಿಯಾಜೆ ಅದನ್ನು ತಿದ್ದಲು ಹೋಗುವುದಿಲ್ಲ. ನೀನು ಈ ಕಡೆ, ನಿನ್ನ ಗೆಳೆಯ ಆ ಕಡೆ ಹೋದರೆ ಚಂದ್ರ ಯಾರ ಹಿಂದೆ ಹೋಗುತ್ತಾನೆ ಎಂದು ಕೇಳಿ ಸುಮ್ಮನಾಗುತ್ತಾರೆ. ಮಗು ಸಿಕ್ಕು ಬಿಡಿಸಿಕೊಳ್ಳುವುದನ್ನು ಕಾಯುತ್ತಾರೆ.

ಇದೇ ಕುತೂಹಲದಿಂದ ಹುಟ್ಟಿದ್ದು ಲೋಟದ ಪ್ರಯೋಗ. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮವಾಗಿ ನೀರು. ಒಂದರ ನೀರನ್ನು ಮಗುವಿನ ಎದುರಿಗೇ ಕಿರಿದಾದ ಎತ್ತರದ ಲೋಟಕ್ಕೆ ಸುರಿದು, ಈಗ ಯಾವುದರಲ್ಲಿ ಹೆಚ್ಚು ಎಂದು ಕೇಳಿದರೆ ಐದು ವರ್ಷದ ಮಗು ಎತ್ತರದ ಲೋಟ ತೋರಿಸುತ್ತದೆ. ಒಂದೇ ದೋಸೆ ಎಂದು ಮುಖ ಊದಿಸಿಕೊಂಡ ಮೊಮ್ಮಗನಿಗೆ ಅದನ್ನೇ ಎರಡು ತುಂಡು ಮಾಡಿ ಬಡಿಸಿ ರಂಪ ನಿಲ್ಲಿಸಿದ ಅಜ್ಜಿಯರಿಗೆ ಇದು ಹೊಸ ಸುದ್ದಿಯೇನಲ್ಲ. ಪಿಯಾಜೆಯ ಹೆಚ್ಚುಗಾರಿಕೆ ಮುಂದಿನ ಪ್ರಶ್ನೆಯಲ್ಲಿದೆ: ಏಕೆ? ಏಳೆಂಟು ವರ್ಷದ ಮಗು ‘ವಾಪಸ್ ಸುರಿದರೆ ಮೊದಲಿನಷ್ಟೇ ಆಗುತ್ತದೆ’ ಎನ್ನುತ್ತದೆ. ಸುರಿದದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ಸುರಿಯಬಲ್ಲ ಈ ಶಕ್ತಿಯನ್ನೇ ಅವರು ‘ಕಾರ್ಯ’ ಎಂದದ್ದು.

ಆದರೆ ಆ ಕೋಣೆಯಲ್ಲಿ ನೀರು, ಲೋಟ, ಮಗು ಅಷ್ಟೇ ಇರಲಿಲ್ಲ. ಎದುರಿಗೆ ದೊಡ್ಡವರೊಬ್ಬರು ಕೂತಿದ್ದರು. ಅವರು ಒಮ್ಮೆ ಕೇಳಿದರು, ಮಗು ‘ಎರಡೂ ಸಮ’ ಎಂದಿತು. ಆಮೇಲೆ ಏನನ್ನೋ ಗಂಭೀರವಾಗಿ ಮಾಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಮೇಷ್ಟ್ರು ಎರಡನೇ ಸಲ ಕೇಳಿದರೆಂದರೆ ಮೊದಲ ಉತ್ತರ ತಪ್ಪಿರಬೇಕು ಎಂದು ಊಹಿಸಲು ಶಾಲೆಗೆ ಹೋದ ಯಾರಿಗೂ ಕಷ್ಟವಿಲ್ಲ. ಮಗು ಉತ್ತರ ಕೊಟ್ಟದ್ದು ನೀರಿನ ಪ್ರಶ್ನೆಗೋ, ಕೇಳಿದವರ ಮನಸ್ಸಿನಲ್ಲಿ ಏನಿದೆ ಎಂಬ ಪ್ರಶ್ನೆಗೋ?

1970ರ ದಶಕದಲ್ಲಿ ಎಡಿನ್‌ಬರೋದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಇದನ್ನೇ ಪರೀಕ್ಷೆಗೆ ಒಡ್ಡಿದರು. ಬಿಲ್ಲೆಗಳ ಎರಡು ಸಮ ಸಾಲು. ಒಂದನ್ನು ಎಳೆದು ಉದ್ದ ಮಾಡುವುದು ದೊಡ್ಡವರ ಬದಲು ಒಂದು ತುಂಟ ಕರಡಿ ಗೊಂಬೆ. ಪೆಟ್ಟಿಗೆಯಿಂದ ನುಗ್ಗಿ ಬಂದು ಆಟ ಕೆಡಿಸುತ್ತದೆ. ಈಗ ಕೇಳಿದರೆ ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಎಷ್ಟೋ ಹೆಚ್ಚು ಮಂದಿ ಎರಡೂ ಸಾಲು ಸಮ ಎಂದರು. ಮಾರ್ಟಿನ್ ಹ್ಯೂಸ್ ಇನ್ನೊಂದು ಕಡೆಯಿಂದ ಬಂದರು. ಮೂರು ಬೆಟ್ಟಗಳ ಮಾದರಿಯಿಟ್ಟು ಆಚೆ ಬದಿಯ ಗೊಂಬೆಗೆ ಏನು ಕಾಣುತ್ತದೆ ಎಂದು ಕೇಳಿದ ಪಿಯಾಜೆ ಮತ್ತು ಬೆರ್ಬೆಲ್ ಇನ್‌ಹೆಲ್ಡರ್, ಚಿಕ್ಕ ಮಕ್ಕಳು ತಮ್ಮ ನೋಟವನ್ನೇ ಗೊಂಬೆಗೂ ಕೊಡುತ್ತಾರೆ ಎಂದಿದ್ದರು. ಹ್ಯೂಸ್ ಬೆಟ್ಟ ತೆಗೆದು ಗೋಡೆಗಳನ್ನೂ ಪೊಲೀಸನನ್ನೂ ತಂದರು. ಪೊಲೀಸನಿಗೆ ಕಾಣದಂತೆ ಹುಡುಗನನ್ನು ಎಲ್ಲಿ ಬಚ್ಚಿಡಬೇಕು ಎಂಬುದು ಮೂರೂವರೆ ವರ್ಷದ ಮಕ್ಕಳಿಗೂ ಗೊತ್ತಿತ್ತು. ಕಣ್ಣಾಮುಚ್ಚಾಲೆ ಆಡಿದವರಿಗೆ ಗೊತ್ತಿರಲೇಬೇಕಲ್ಲ.

ಇದು ಮಾತು ಬಲ್ಲ ಮಕ್ಕಳ ಕಥೆ. ಮಾತೇ ಬಾರದ ಕೂಸಿನ ಕಥೆ ಇನ್ನೂ ವಿಚಿತ್ರ. ಹತ್ತು ತಿಂಗಳ ಮಗಳು ಜಾಕ್ಲೀನಳ ಗಿಳಿ ಗೊಂಬೆಯನ್ನು ಪಿಯಾಜೆ ಹಾಸಿಗೆಯ ಎಡಬದಿಯಲ್ಲಿ ಎರಡು ಸಲ ಬಚ್ಚಿಟ್ಟರು, ಮೂರನೇ ಸಲ ಅವಳು ನೋಡುತ್ತಿದ್ದಂತೆಯೇ ಬಲಬದಿಯಲ್ಲಿಟ್ಟರು. ಅವಳು ತಿರುಗಿದ್ದು ಎಡಕ್ಕೇ. ಕಣ್ಣಿಗೆ ಕಾಣದ ವಸ್ತು ಅದರ ಪಾಡಿಗೆ ಅದಿರುತ್ತದೆ ಎಂಬ ಅರಿವು ಇನ್ನೂ ಬಲಿತಿಲ್ಲ ಎಂದು ಅಪ್ಪ ಬರೆದುಕೊಂಡರು. 2008ರಲ್ಲಿ ಹಂಗೇರಿಯ ಸಂಶೋಧಕರು ಇದೇ ಆಟವನ್ನು ಕೂಸಿನ ಕಣ್ಣಲ್ಲಿ ಕಣ್ಣಿಡದೆ, ಮಾತಾಡಿಸದೆ ಆಡಿಸಿದರು. ತಪ್ಪುಗಳು ಬಹಳ ಕಡಿಮೆಯಾದವು. ಕಣ್ಣು ಕೂಡಿಸಿ ಬಚ್ಚಿಟ್ಟಾಗ ಕೂಸು ಅದನ್ನು ಪಾಠವೆಂದು ತಿಳಿಯುತ್ತದೆ, ‘ಇದು ಇಲ್ಲೇ ಇರುವಂಥದ್ದು’ ಎಂದು ಕಲಿತುಬಿಡುತ್ತದೆ ಎಂಬುದು ಅವರ ವಾದ. ಅಪ್ಪ ತಾನು ಕಲಿಸುತ್ತಿದ್ದೇನೆಂದು ಅರಿಯದೆ ಕಲಿಸಿದ್ದರೇನೋ.

ಹಾಗೆಂದು ಎಡಿನ್‌ಬರೋದವರು ಗೆದ್ದರು ಎಂದು ಡಂಗುರ ಹೊಡೆಯಲು ನನಗೆ ಮನಸ್ಸಿಲ್ಲ. ಕರಡಿಯ ತುಂಟಾಟದಲ್ಲಿ ಮೈಮರೆತ ಮಕ್ಕಳು ಸಾಲನ್ನು ಸರಿಯಾಗಿ ನೋಡದೆಯೇ ‘ಸಮ’ ಎಂದಿರಬಹುದು ಎಂಬ ಆಕ್ಷೇಪ ಬಂತು, ಅದು ತಳ್ಳಿಹಾಕುವಂಥದ್ದಲ್ಲ. ಐದು ತಿಂಗಳ ಕೂಸು ಅಸಂಭವ ದೃಶ್ಯವನ್ನು ಹೆಚ್ಚು ಹೊತ್ತು ದಿಟ್ಟಿಸುತ್ತದೆ ಎಂದು ರೆನೆ ಬೈಯಾರ್ಜನ್ 1985ರಲ್ಲಿ ತೋರಿಸಿದ್ದೂ ಹಾಗೆಯೇ. ದಿಟ್ಟಿಸಿ ನೋಡುವುದು ಒಂದು, ಹೀಗಲ್ಲದೆ ಬೇರೆ ಆಗಲಾರದು ಎಂದು ಕಾರಣ ಕೊಡುವುದು ಇನ್ನೊಂದು. ಪಿಯಾಜೆ ಕೇಳಿದ್ದು ಎರಡನೆಯದನ್ನು. ಇಷ್ಟಕ್ಕೂ ಅವರನ್ನು ಅಲುಗಾಡಿಸಿದವರೆಲ್ಲ ಅವರದೇ ಆಟಿಕೆಗಳನ್ನು ಎರವಲು ಪಡೆದವರು.

ಸೆನೆಗಲ್‌ನಿಂದ ಬಂದ ಸಾಕ್ಷ್ಯ ನನಗೆ ಇವೆಲ್ಲಕ್ಕಿಂತ ತೂಕದ್ದು. ಪೆಟ್ರಿಷಿಯಾ ಗ್ರೀನ್‌ಫೀಲ್ಡ್ 1960ರ ದಶಕದಲ್ಲಿ ಅಲ್ಲಿನ ವೊಲೊಫ್ ಮಕ್ಕಳ ಮುಂದೆ ಲೋಟಗಳನ್ನಿಟ್ಟರು. ‘ಇದರಲ್ಲಿ ಹೆಚ್ಚಿದೆ ಎಂದು ನಿನಗೆ ಏಕೆ ಅನ್ನಿಸುತ್ತದೆ?’ ಎಂದರೆ ಶಾಲೆಗೆ ಹೋಗದ ಮಕ್ಕಳು ಮೌನ. ‘ಇದರಲ್ಲಿ ಏಕೆ ಹೆಚ್ಚಿದೆ?’ ಎಂದರೆ ಉತ್ತರ ಬರುತ್ತಿತ್ತು. ಸುರಿದವರು ನೀವು, ಹೆಚ್ಚಿಸಿದವರೂ ನೀವೇ ಎಂಬುದು ಕೆಲವರ ಉತ್ತರದ ಧಾಟಿ. ಆಮೇಲೆ ಹೂಜಿಯನ್ನು ಮಕ್ಕಳ ಕೈಗೇ ಕೊಟ್ಟರು. ತಾವೇ ಸುರಿದಾಗ ಬಹಳಷ್ಟು ಮಕ್ಕಳಿಗೆ ನೀರು ಅಷ್ಟೇ ಇದೆ ಎಂಬುದು ಕಂಡಿತು.

ಬ್ರೆಜಿಲ್ಲಿನ ರೆಸಿಫೆಯಲ್ಲಿ ತೆಂಗಿನಕಾಯಿ ಮಾರುವ ಹನ್ನೆರಡರ ಪೋರನೊಬ್ಬ 35ರಂತೆ 10 ಕಾಯಿಗೆ ಎಷ್ಟು ಎಂದರೆ ಮೂರಕ್ಕೆ 105, ಇನ್ನು ಮೂರು ಸೇರಿದರೆ 210 ಎಂದು ಏರುತ್ತ 350ಕ್ಕೆ ಮುಟ್ಟುತ್ತಾನೆ. ಇಂಥ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಐವರು ಮಕ್ಕಳು ಬೀದಿಯ ಲೆಕ್ಕದಲ್ಲಿ ಶೇ. 98.2ರಷ್ಟು ಸರಿ, ಅದೇ ಲೆಕ್ಕವನ್ನು ಬರಿಯ ಅಂಕಿಗಳಾಗಿ ಕಾಗದದಲ್ಲಿ ಕೊಟ್ಟಾಗ ಶೇ. 36.8. ಈ ಪೋರನನ್ನು ಏಣಿಯ ಯಾವ ಮೆಟ್ಟಿಲಲ್ಲಿ ನಿಲ್ಲಿಸುವುದು? ಔಪಚಾರಿಕ ಹಂತದ ಬಗ್ಗೆ ಪಿಯಾಜೆ ಕೂಡ 1972ರಲ್ಲಿ ಪಟ್ಟು ಸಡಿಲಿಸಿ, ಅದು ಅವರವರ ಕಸುಬಿನಲ್ಲಷ್ಟೇ ಗೋಚರಿಸಬಹುದು ಎಂದರು. ಕೋಷ್ಟಕ ಆ ತಿದ್ದುಪಡಿಯನ್ನು ಸ್ವೀಕರಿಸಿದಂತಿಲ್ಲ.

ಏಣಿ ಇಷ್ಟು ದೂರ ಬಂದದ್ದಕ್ಕೂ ಸಂಭಾಷಣೆ ಹಿಂದುಳಿದದ್ದಕ್ಕೂ ಕಾರಣ ಪಿಯಾಜೆಯೇ ಬರೆದಿಟ್ಟಿದ್ದಾರೆ. ಮಕ್ಕಳಿಗೆ ಪ್ರಶ್ನೆ ಕೇಳುವ ತಮ್ಮ ವಿಧಾನದಲ್ಲಿ ತಡಕಾಡುವುದು ನಿಲ್ಲಬೇಕಾದರೆ ದಿನನಿತ್ಯದ ಅಭ್ಯಾಸ ಕನಿಷ್ಠ ಒಂದು ವರ್ಷ ಬೇಕು ಎಂದು 1926ರ ಪುಸ್ತಕದಲ್ಲೇ ಅವರು ಎಚ್ಚರಿಸಿದ್ದರು. ಹೊಸಬರು ಒಂದೋ ಅತಿಯಾಗಿ ಮಾತಾಡುತ್ತಾರೆ, ಇಲ್ಲವೇ ಬೇಕಾದ ಉತ್ತರವನ್ನು ತಾವೇ ಮಗುವಿನ ಬಾಯಿಗೆ ಇಡುತ್ತಾರೆ. ಅರ್ಹತಾ ಪರೀಕ್ಷೆಯ ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆಗಳು, ಹಂತಗಳೂ ನಾಲ್ಕು.