ಕ್ಲಿಪ್ಪಿನ ಗಂಟೆ ಕಟ್ಟುವ ಹೊತ್ತು

ಸೆಪ್ಟೆಂಬರ್ 8ರ ಸಂಜೆ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಿಂದ ತೇರು ಹೊರಟಾಗ ಎಷ್ಟು ಕ್ಯಾಮರಾಗಳು ಒಟ್ಟಿಗೆ ಓಡುತ್ತವೋ ಲೆಕ್ಕವಿಲ್ಲ. ಸಣ್ಣ ತಂಡವೆಂದರೂ ಚರ್ಚಿನ ಬಾಗಿಲ ಬಳಿ ಟ್ರೈಪಾಡ್ ಮೇಲೊಂದು, ರಸೆಲ್ ಮಾರ್ಕೆಟ್ ಕಡೆಯ ಮಾಳಿಗೆಯಲ್ಲೊಂದು, ಕಾವಿ ಸೀರೆಯ ಭಕ್ತರ ನಡುವೆ ಕೈಯಲ್ಲಿ ಹಿಡಿದ ಮೊಬೈಲ್ ಒಂದು ಇದ್ದೇ ಇರುತ್ತದೆ. ಮಾರನೇ ದಿನ ಆ ಫೂಟೇಜನ್ನೆಲ್ಲ ಬಿನ್ನಿಗೆ ಎಳೆದುಹಾಕಿ ನೇರವಾಗಿ ಕಟಿಂಗ್‌ಗೆ ಕೂರುವುದು ನಮ್ಮಲ್ಲಿ ರೂಢಿ. ಮೊದಲ ಕಟ್ ಬೀಳುವ ಮುನ್ನವೇ ಪ್ರತಿ ಕ್ಲಿಪ್ಪಿನ ಟೈಮ್‌ಕೋಡನ್ನು ಗಟ್ಟಿ ಮಾಡಿಕೊಳ್ಳಬೇಕು, ಅದು ಎಡಿಟರ್‌ನದೇ ಕೆಲಸ ಎಂಬುದು ನನ್ನ ವಾದ.

ಗಂಟೆ, ನಿಮಿಷ, ಸೆಕೆಂಡು, ಫ್ರೇಮು ಎಂಬ ನಾಲ್ಕು ಜೋಡಿ ಅಂಕಿಗಳೇ ಟೈಮ್‌ಕೋಡ್. ಸೆಕೆಂಡಿಗೆ 25 ಫ್ರೇಮಿನ ನಮ್ಮ ಲೆಕ್ಕದಲ್ಲಿ ಒಂದು ದಿನಕ್ಕೆ 21,60,000 ಫ್ರೇಮು, ಒಂದೊಂದಕ್ಕೂ ಬೇರೆ ವಿಳಾಸ. ಕ್ಯಾಮರಾದಲ್ಲಿ ‘ರೆಕ್ ರನ್’ ಇಟ್ಟರೆ ರೆಕಾರ್ಡ್ ಆಗುವಾಗ ಮಾತ್ರ ಎಣಿಕೆ ಓಡುತ್ತದೆ. ‘ಫ್ರೀ ರನ್’ ಇಟ್ಟರೆ ಗಡಿಯಾರದಂತೆ ಸದಾ ಓಡುತ್ತದೆ. ಮೊಬೈಲ್ ಫೈಲಿನಲ್ಲಿ ಬಹುಮಟ್ಟಿಗೆ ಟೈಮ್‌ಕೋಡೇ ಇರುವುದಿಲ್ಲ, ಹಾಗಾಗಿ ಸಾಫ್ಟ್‌ವೇರ್ ತಾನಾಗಿ ಸೊನ್ನೆ ಹಚ್ಚುತ್ತದೆ. ಕಾರ್ಡ್ ಫಾರ್ಮ್ಯಾಟ್ ಆದಾಗಲೆಲ್ಲ ‘ಸಿ0001’ರಿಂದ ಹೆಸರಿಡುವ ಸೆಟ್ಟಿಂಗೂ ಸೇರಿಬಿಟ್ಟರೆ ಒಂದೇ ಹೆಸರಿನ, ಒಂದೇ ಸೊನ್ನೆಯ ಎರಡು ಕ್ಲಿಪ್ ಹುಟ್ಟುತ್ತವೆ. ಪ್ರಾಕ್ಸಿ ತೆಗೆದು ಮೂಲ ಫೈಲಿಗೆ ರೀಲಿಂಕ್ ಮಾಡುವ ದಿನ ಬಾಗಿಲ ಬಳಿಯ ಶಾಟ್ ಇರಬೇಕಾದಲ್ಲಿ ಮಾಳಿಗೆಯ ಶಾಟ್ ಬಂದು ಕೂತಿರುತ್ತದೆ.

ಸರಿಪಡಿಸಲು ದಾರಿ ಇದೆ. ಪ್ರೀಮಿಯರ್‌ನಲ್ಲಿ ‘ಮಾಡಿಫೈ’ ಕೆಳಗಿನ ‘ಟೈಮ್‌ಕೋಡ್’, ಡಾವಿಂಚಿ ರಿಸಾಲ್ವ್‌ನಲ್ಲಿ ‘ಕ್ಲಿಪ್ ಆಟ್ರಿಬ್ಯೂಟ್ಸ್’ ಇರುವುದೇ ಇದಕ್ಕೆ. ಪ್ರಶ್ನೆ ಇರುವುದು ಅಲ್ಲಿ ಯಾವ ಅಂಕಿ ತುಂಬಬೇಕೆಂಬುದರಲ್ಲಿ. ಫೈಲಿನೊಳಗಿನ ಸಮಯ ನೋಡಿ ತುಂಬುತ್ತೇವೆ ಎನ್ನುವವರು ಸ್ವಲ್ಪ ತಡೆಯಬೇಕು. ಎಂಪಿ4 ಫೈಲಿನಲ್ಲಿ ಸಮಯವನ್ನು ಯುಟಿಸಿಯಲ್ಲಿ ಬರೆಯಬೇಕೆಂಬುದು ನಿಯಮ. ಮೊಬೈಲ್‌ಗಳು ಸಾಮಾನ್ಯವಾಗಿ ಪಾಲಿಸುತ್ತವೆ, ಹಲವು ಕ್ಯಾಮರಾಗಳು ಸ್ಥಳೀಯ ಸಮಯವನ್ನೇ ಬರೆದುಬಿಡುತ್ತವೆ. ಸಂಜೆ ಆರರ ದೃಶ್ಯ ಒಂದರಲ್ಲಿ 18:00, ಇನ್ನೊಂದರಲ್ಲಿ 12:30! ಮೇಲಾಗಿ ಕೆಲವು ಫೋನುಗಳು ರೆಕಾರ್ಡಿಂಗ್ ಶುರುವಾದ ಕ್ಷಣದ ಬದಲು ಮುಗಿದ ಕ್ಷಣವನ್ನು ಬರೆಯುತ್ತವೆ, ಆಗ ಕ್ಲಿಪ್ಪಿನ ಉದ್ದವನ್ನು ಕಳೆಯಬೇಕು. ಇಷ್ಟೆಲ್ಲ ಮಾಡಿದರೂ ಸಿಗುವುದು ಸೆಕೆಂಡಿನವರೆಗಿನ ಲೆಕ್ಕ; ಫ್ರೇಮು ಕೂಡಿಸಲು ಎಲ್ಲ ಕ್ಯಾಮರಾಗೂ ಕಂಡ ಒಂದು ಗುರುತು ಬೇಕೇ ಬೇಕು.

ಧ್ವನಿ ನೋಡಿ ತಾನೇ ಸಿಂಕ್ ಮಾಡುವ ಸೌಲಭ್ಯ ಇರುವಾಗ ಈ ತಾಪತ್ರಯ ಏಕೆ ಎಂಬ ಆಕ್ಷೇಪ ಸಹಜ. ಕಲ್ಯಾಣ ಮಂಟಪದೊಳಗೆ ಅದು ಸಾಕು. ಬೀದಿಯಲ್ಲಿ ಸಾಲದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬ್ಯಾಂಡಿನಿಂದ 100 ಮೀಟರ್ ದೂರದ ಕ್ಯಾಮರಾಗೆ ಅದು ತಲುಪುವಷ್ಟರಲ್ಲಿ ಏಳು ಫ್ರೇಮು ಕಳೆದಿರುತ್ತದೆ. ಸಾಫ್ಟ್‌ವೇರ್ ಧ್ವನಿಯನ್ನು ಸರಿಯಾಗಿಯೇ ಕೂಡಿಸುತ್ತದೆ, ಡ್ರಮ್ ಮೇಲೆ ಕೋಲು ಬೀಳುವ ಚಿತ್ರ ಮಾತ್ರ ಎರಡು ಕಡೆ ಎರಡು ಹೊತ್ತಿಗೆ. ಮತ್ತೆ ಮತ್ತೆ ಅದೇ ಪಲ್ಲವಿ ನುಡಿಸುವಾಗ ಸಾಫ್ಟ್‌ವೇರ್ ತಪ್ಪು ಸುತ್ತಿಗೆ ಅಂಟಿಕೊಳ್ಳುವುದೂ ಉಂಟು.

ಇದಕ್ಕಿಂತ ಗಟ್ಟಿ ಆಕ್ಷೇಪ ಗಡಿಯಾರಗಳ ಮೇಲಿನದು. ಎರಡು ಕ್ಯಾಮರಾಗಳ ನಡುವೆ ಹತ್ತು ಲಕ್ಷಕ್ಕೆ ಹತ್ತು ಪಾಲು ವ್ಯತ್ಯಾಸವಿದ್ದರೂ ಸುಮಾರು 67 ನಿಮಿಷಕ್ಕೆ ಒಂದು ಫ್ರೇಮು ಜಾರುತ್ತದೆ. ಒಪ್ಪಬೇಕಾದ ಮಾತೇ, ಆದರೆ ನಿಧಾನವಾಗಿ ಜಾರುವ ಒಂದು ಫ್ರೇಮನ್ನು ಕಣ್ಣಳತೆಯಲ್ಲೇ ತಿದ್ದಬಹುದು, ಗೊತ್ತುಗುರಿಯಿಲ್ಲದ ಸೊನ್ನೆಯನ್ನು ತಿದ್ದಲಾಗದು. ರಾತ್ರಿಯೆಲ್ಲ ಸಾಗುವ ಹಲಸೂರಿನ ಹೂಪಲ್ಲಕ್ಕಿಗಳದು ಬೇರೆಯೇ ತೊಡಕು. 23:59:59:24 ಆದಮೇಲೆ ಎಣಿಕೆ ಸೊನ್ನೆಗೆ ಬೀಳುತ್ತದೆ, ಬೆಳಗಿನ ಜಾವದ ಕ್ಲಿಪ್ಪುಗಳು ಬಿನ್ನಿನಲ್ಲಿ ಸಂಜೆಯವಕ್ಕಿಂತ ಮೇಲೆ ಹೋಗಿ ಕೂರುತ್ತವೆ. ಇಂಥಲ್ಲಿ ಮಧ್ಯಾಹ್ನ ಹನ್ನೆರಡನ್ನೇ ಸೊನ್ನೆ ಎಂದಿಟ್ಟುಕೊಂಡು ಸಂಜೆಯ ಕ್ಲಿಪ್ಪಿಗೆ ಹನ್ನೆರಡು ಗಂಟೆ ಕಳೆಯಿರಿ, ನಡುರಾತ್ರಿ ದಾಟಿದ್ದಕ್ಕೆ ಕೂಡಿಸಿ.

ಎಲ್ಲ ಕೆಲಸ ತಮ್ಮ ಒಂದೇ ಕಂಪ್ಯೂಟರಿನಲ್ಲಿ ಮುಗಿಸುವವರು ಇದನ್ನೆಲ್ಲ ಬಿಟ್ಟರೂ ನಡೆದೀತು. ಆದರೆ ಕೆ.ಆರ್. ಪುರದಲ್ಲಿ ಕಟ್ ಮಾಡಿದ ಪ್ರಾಜೆಕ್ಟ್ ಕಲರಿಂಗ್‌ಗೆಂದು ಇಂದಿರಾನಗರಕ್ಕೆ ಹೋಗುವುದಾದರೆ ಅಲ್ಲಿನವರ ಕೈಗೆ ಸಿಗುವುದು ಕ್ಲಿಪ್ಪಿನ ಹೆಸರು, ಟೈಮ್‌ಕೋಡು, ಅಷ್ಟೇ. ಕಟ್ ಆದಮೇಲೆ ಅದನ್ನು ಬದಲಿಸುವುದು ಶುದ್ಧ ಅವಿವೇಕ. ಈ ಸಲ ಶೂಟಿಂಗ್‌ಗೆ ಹೊರಡುವ ಮೊದಲು ಎಲ್ಲ ಕ್ಯಾಮರಾ ರೆಕಾರ್ಡಿಂಗ್‌ನಲ್ಲಿರುವಾಗ ಒಂದೇ ಮೊಬೈಲಿನ ಸೆಕೆಂಡು ತೋರುವ ಗಡಿಯಾರವನ್ನು ಎಲ್ಲದಕ್ಕೂ ಹಿಡಿಯಿರಿ. ಇಂಪೋರ್ಟ್ ಮಾಡುವಾಗ ಯಾವ ಕ್ಯಾಮರಾಗೆ ಎಷ್ಟು ಕೂಡಿಸಿದಿರಿ, ಎಷ್ಟು ಕಳೆದಿರಿ ಎಂಬುದನ್ನು ಪ್ರಾಜೆಕ್ಟ್ ಫೋಲ್ಡರಿನಲ್ಲೇ ಬರೆದಿಡಿ.