ಬಾಟಲಿಗೆ ಬಂದ ಬೆಲ್ಲ

ಈ ರಮ್‌ಗೆ ‘ಬೆಲ್ಲ’ ಎಂದೇ ಹೆಸರು. 1948ರಲ್ಲಿ ಶುರುವಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ 75 ವರ್ಷಗಳ ನೆನಪಿಗೆ ಇದನ್ನು ಹೊರತಂದಿತು. ರಮ್ ಮಾಡಲು ಸಾಮಾನ್ಯವಾಗಿ ಬಳಸುವುದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ. ಇಲ್ಲಿ ಬೆಲ್ಲವನ್ನೇ ಹುಳಿಯಿಸಿ, ಭಟ್ಟಿ ಇಳಿಸಿ, ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದ ಓಕ್ ಪೀಪಾಯಿಗಳಲ್ಲಿ 6 ವರ್ಷ ಇಟ್ಟಿದ್ದಾರೆ. ಮರೆತ ಪರಂಪರೆ ಮರಳಿ ಬಂತು ಎಂದು ಗೆಳೆಯರು ಹೊಗಳಿದರು. ಯಾರ ಪರಂಪರೆ ಎಂಬ ಪ್ರಶ್ನೆ ನನಗೆ ಆಗಲೇ ಎದ್ದಿತ್ತು.

ನಾನು ಚಿಕ್ಕಪಡಸಲಗಿಯವನು. 1989ರಲ್ಲಿ ರೈತರೇ ವಂತಿಗೆ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದ ಊರು. ನೀರು ನಿಂತಿತು, ಕಬ್ಬು ಹಬ್ಬಿತು. ಹತ್ತಿರದ ಮಹಾಲಿಂಗಪುರ ಬೆಲ್ಲದ ಪೇಟೆಗೇ ಹೆಸರಾದದ್ದು. ಹೀಗಾಗಿ ಈ ಲೋಟವನ್ನು ಗಾಣದ ನೆನಪಿಲ್ಲದೆ ಮೂಸುವುದು ನನಗೆ ಸಾಧ್ಯವಿರಲಿಲ್ಲ.

ಮೂಗಿಗೆ ಮೊದಲು ಬಡಿಯುವುದು ವೆನಿಲಾ, ಆಮೇಲೆ ಒಣಕೊಬ್ಬರಿ. ಎರಡೂ ಓಕ್ ಮರ ಕೊಟ್ಟವು. ಬರ್ಬನ್ನನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕೆಂಬುದು ಅಮೆರಿಕದ ಕಾನೂನು. ಆದ್ದರಿಂದ ಒಮ್ಮೆ ಬಳಸಿದ ಪೀಪಾಯಿಗಳು ಸ್ಕಾಟ್ಲೆಂಡಿಗೂ ಬೆಂಗಳೂರಿಗೂ ಬರುತ್ತವೆ. ಮೊದಲ ಗುಟುಕಿನಲ್ಲಿ ಅಮೆರಿಕದ ಮರವೇ ಮಾತಾಡುತ್ತದೆ. ನಮ್ಮ ಕಬ್ಬು ಹಿಂದೆ ನಿಂತಿರುತ್ತದೆ. ಇದು ಇದರ ಕೊರತೆ. ಮರದ ಜೋರು ಇನ್ನಷ್ಟು ಇಳಿದಿದ್ದರೆ ಒಳ್ಳೆಯದಿತ್ತು.

ನಾಲ್ಕು ಹನಿ ನೀರು ಬಿಟ್ಟು ಕಾದೆ. ನುಂಗಿದ ಮೇಲೆ, ಗಂಟಲಿನಿಂದ ಮರಳಿ ಮೂಗಿಗೆ ಏರುವ ವಾಸನೆಯಲ್ಲಿ ಬೆಲ್ಲ ಸಿಕ್ಕಿತು. ಅಚ್ಚಿನ ಬೆಲ್ಲವಲ್ಲ, ಅಚ್ಚಿಗೆ ಸುರಿಯುವ ಮುನ್ನ ಕಡಾಯಿಯಲ್ಲಿ ಕುದಿಯುವ ಪಾಕ, ತುಸು ಉಪ್ಪು, ತುಸು ಹೊಗೆ. ಸಕ್ಕರೆಯಾಗಿಸಿ ತೊಳೆದುಹಾಕಿದ ಕಬ್ಬಿನಲ್ಲಿ ಇದು ಉಳಿಯುವುದಿಲ್ಲ. ಇದೊಂದಕ್ಕೇ ಈ ರಮ್ ಮೆಚ್ಚಬೇಕಾದದ್ದು.

ಉಳಿದ ಬಾಟಲಿ ಊರಿಗೆ ಒಯ್ದೆ. ಅತ್ತಿ ಮುಚ್ಚಳ ತೆಗೆದು ಮೂಸಿದರು.

“ಬೆಲ್ಲಾನ ಹೌದು ಬಿಡು. ಖರೆ, ನಿಮ್ಮ ಮಾಮಾನ ಅಂಗಿನೂ ಹಿಂಗ ನಾರತಿತ್ತು.”

ಬೆಲ್ಲಕ್ಕೆ ಜಾಲಿ ತೊಗಟೆ ಹಾಕಿ ಕೊಳೆಸಿ ಇಳಿಸುವ ಕಳ್ಳಭಟ್ಟಿ ಮಾಮಾನನ್ನು ನಲವತ್ತೈದಕ್ಕೇ ಮುಗಿಸಿತ್ತು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ಅತ್ತಿ ಓಣಿಗೆಲ್ಲ ಸಕ್ಕರೆ ಹಂಚಿದ್ದರಂತೆ. ಅದೇ ಬೆಲ್ಲ, ಅದೇ ಹುಳಿ, ಅದೇ ಉರಿ. ಒಂದು ಅಪರಾಧವಾಯಿತು, ಇನ್ನೊಂದು ಪರಂಪರೆಯಾಯಿತು. ನಡುವೆ ಇರುವುದು ಶುದ್ಧಿ, ಪರವಾನಗಿ, ಪೀಪಾಯಿ ಮತ್ತು ಬೆಲೆ. ಶುದ್ಧಿ ಸಣ್ಣ ಮಾತಲ್ಲ. ಅದಿದ್ದಿದ್ದರೆ ಮಾಮಾ ಇನ್ನಷ್ಟು ದಿನ ಇರುತ್ತಿದ್ದನೇನೋ.

ರುಚಿಯ ಲೆಕ್ಕದಲ್ಲಿ ಇದು ನಾನು ಕುಡಿದ ಒಳ್ಳೆಯ ರಮ್‌ಗಳಲ್ಲೊಂದು. ಆದರೆ ಇದನ್ನು ಪರಂಪರೆ ಎಂದು ಕರೆಯುವವರು ಅತ್ತಿ ಮೂಸಿದ್ದನ್ನೂ ಅದರಲ್ಲಿ ಸೇರಿಸಿಕೊಳ್ಳಬೇಕು. ಬಾಟಲಿ ಇನ್ನೂ ಅಟ್ಟದ ಮೇಲಿದೆ. ಅತ್ತಿ ಚೆಲ್ಲಲಿಲ್ಲ, ನಾನೂ ಮತ್ತೆ ಇಳಿಸಲಿಲ್ಲ.