ಹಗ್ಗ ಎಳೆಯುವವರ ಬೆಳಗು

ಡಿಸೆಂಬರಿನ ಒಂದು ವಾರ ಮಲ್ಪೆ ಪಡುಕೆರೆಯಲ್ಲಿ ಉಳಿದಿದ್ದೆ. ಕಡಲ ತೀರದಲ್ಲಿ ಕೂತು ಜನರನ್ನು ನೋಡುವುದೇ ಕೆಲಸ. ಬೆಳಗಿನ ನಡಿಗೆಯವರು, ಹೊಯಿಗೆಯಲ್ಲಿ ಗುಂಡಿ ತೋಡುವ ಮಕ್ಕಳು, ಮುರುಡೇಶ್ವರಕ್ಕೆ ಹೋಗುವ ದಾರಿಯಲ್ಲಿ ನಿಂತ ಶಾಲಾ ಪ್ರವಾಸದ ಬಸ್ಸು, ಎಲ್ಲವೂ ಚೆನ್ನ. ಆದರೆ ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಮೀನುಬಲೆ ಕೈರಂಪಣಿ ಬಂತೆಂದರೆ ಕಣ್ಣು ಬೇರೆಡೆ ಹೊರಳುತ್ತಿರಲಿಲ್ಲ.

ಬಲೆಯ ಒಂದು ತುದಿಯ ಹಗ್ಗ ದಡದವರ ಕೈಯಲ್ಲಿರುತ್ತದೆ. ದೋಣಿ ಅರ್ಧ ಚಂದ್ರದಂತೆ ಬಲೆ ಬಿಡುತ್ತಾ ಹೋಗಿ ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡು ಸಾಲು ಜನ, ಹಿಮ್ಮಡಿ ಹೊಯಿಗೆಗೆ ಊರಿ, ಮೈಯನ್ನೇ ಹಿಂದಕ್ಕೆ ಒರಗಿಸಿ ಎಳೆಯುತ್ತಾರೆ. ತೋಳಿಗಿಂತ ಸೊಂಟದ ಕೆಲಸ ಅದು. ಒಬ್ಬರ ಉಸಿರು ತಪ್ಪಿದರೂ ಹಗ್ಗಕ್ಕೆ ತಿಳಿಯುತ್ತದೆ. ಸಾಲುಗಳು ನಿಧಾನ ಹತ್ತಿರವಾಗುತ್ತವೆ, ಮೇಲೆ ಗರುಡಗಳು ಸುತ್ತತೊಡಗುತ್ತವೆ. ಬಲೆಯ ಹೊಟ್ಟೆ ದಡ ಮುಟ್ಟಿದಾಗ ಬೂತಾಯಿ, ಬಂಗುಡೆಗಳ ಬೆಳ್ಳಿ ಮಿಂಚು! ಬುಟ್ಟಿ ಹಿಡಿದ ಹೆಂಗಸರು ಆಗಲೇ ದರ ಮಾತಾಡುತ್ತಿರುತ್ತಾರೆ.

1970ರ ದಶಕದ ಕೊನೆಯಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದು ದೊಡ್ಡ ರಂಪಣಿಗಳು ಮೂಲೆ ಸೇರಿದವು. ಉಳಿದಿರುವುದು ಈ ಚಿಕ್ಕ ಬಲೆಗಳು.

ಚಳಿಗಾಲದಲ್ಲಿ ಆ ಕಡೆ ಹೋದರೆ ಬೆಳಿಗ್ಗೆ ಬೇಗ ಏಳಿ. ಕೇಳಿಕೊಂಡು, ಹಗ್ಗಕ್ಕೆ ನಿಮ್ಮ ಕೈಯನ್ನೂ ಕೊಡಿ.